ನಾಲ್ಕನೆಯ ಹೆಸರು

ಮಡಿಕೇರಿಯ ಆ ಕೋಣೆಯಲ್ಲಿ ಐದು ಕುರ್ಚಿ.
ಒಂದರ ಕಾಲು ಗಿಡ್ಡ; ಅದು ನನ್ನದು.
ಕಿಟಕಿಯಾಚೆ ಮಂಜು ಇಳಿದು
ಮೈದಾನದಲ್ಲಿ ಒಂದು ಗೋಲುಕಂಬವನ್ನಷ್ಟೇ ಉಳಿಸಿತ್ತು.
ಹದಿಮೂರು ಕಾಲೇಜು, ನಾಕೌಟಿಗೆ ನಾಲ್ಕು.
ಮೂರು ಹೆಸರು ಚಹಾ ಬರುವ ಮೊದಲೇ ಮುಗಿದವು.

ನಾಲ್ಕನೆಯದಕ್ಕೆ ಇಬ್ಬರು.

ಒಂದು, ಪೇಟೆ ನಡುವಿನ ದೊಡ್ಡ ಕಾಲೇಜು:
ಒಂಬತ್ತು ಆಟ, ಆರು ಗೆಲುವು, ಮೂರು ಸೋಲು,
ಹುಲ್ಲಿನ ಮೈದಾನ, ಎರಡು ಜೊತೆ ಜೆರ್ಸಿ,
ಗ್ಯಾಲರಿಗೆ ಯಾರದೋ ಅಜ್ಜನ ಹೆಸರು.
ಇನ್ನೊಂದು, ಸಿದ್ದಾಪುರದ ಕಡೆಯ ಸರಕಾರಿ ಕಾಲೇಜು:
ಆರು ಆಟ. ಆರೂ ಗೆಲುವು.
ಉಳಿದ ಮೂರು?
ಷರಾ ಕಾಲಂನಲ್ಲಿ ಗುಮಾಸ್ತ ಬರೆದಿದ್ದ: ಆನೆ.

ನಿಜ. ಒಂದು ಸಲ ಎದುರಾಳಿಗಳ ವ್ಯಾನು
ಚೆಕ್‌ಪೋಸ್ಟಿನಿಂದಲೇ ಹಿಂದಿರುಗಿತು.
ಇನ್ನೊಂದು ಸಲ ಮರಿಯೊಂದಿಗೆ ಬಂದ ಹೆಣ್ಣಾನೆ
ಪೆನಾಲ್ಟಿ ಬಾಕ್ಸಿನಲ್ಲಿ ನಿಂತು ಕದಲಲಿಲ್ಲ.
ಮೂರನೆಯ ಸಲ ಆನೆಯನ್ನು ಯಾರೂ ನೋಡಿರಲಿಲ್ಲ,
ಲದ್ದಿ ನೋಡಿ ಬಸ್ಸು ತಿರುಗಿಸಿದ್ದು
ಅದೇ ದೊಡ್ಡ ಕಾಲೇಜಿನ ಕೋಚು.
ಮರುಪಂದ್ಯಕ್ಕೆ ನಿಯಮಪುಸ್ತಕದಲ್ಲಿ
ಮಳೆಗೆ ಒಂದು ಸಾಲಿತ್ತು, ಮುಷ್ಕರಕ್ಕೆ ಒಂದು.
ಆನೆಗೆ ಇರಲಿಲ್ಲ.

"ಗೆದ್ದದ್ದು ಯಾರ ಮೇಲೆ?" ಅಂದರು ಬೆಳ್ಯಪ್ಪನವರು.
"ಬಡಪಾಯಿಗಳ ಮೇಲೆ ಗೆಲ್ಲುವುದಕ್ಕಿಂತ
ಗಟ್ಟಿಗರೆದುರು ಸೋಲುವುದು ಮೇಲು."
ಮಾತು ಸುಳ್ಳೆನ್ನಲಾರೆ, ನಾನೂ ಆಡಿದವನೇ.
ಆದರೆ ಗಟ್ಟಿಗರು ಅವರೂರಿಗೆ ಬರಲೇ ಇಲ್ಲವಲ್ಲ
ಎಂಬುದು ನನ್ನ ಗಂಟಲವರೆಗೆ ಬಂದಿತ್ತು.
ಅಷ್ಟರಲ್ಲಿ ನೂಲ್ಪುಟ್ಟು ಬಂತು, ಕೋಳಿ ಸಾರು ಬಂತು.
ನನ್ನ ಕುರ್ಚಿ ಅಲುಗುತ್ತಿತ್ತು.
ಕೈ ಎತ್ತಿ ಅಂದರು. ಎತ್ತಿದೆ.
ಐದಕ್ಕೆ ಐದು.

ಸಂಜೆ ಲಿಗೋರಿ ಮಾಸ್ತರಿಗೆ ನಾನೇ ಫೋನು ಮಾಡಬೇಕಾಯಿತು.
ಅವರು ಬೈಯಲಿಲ್ಲ. "ಹುಡುಗರು ಆಡ್ತಾ ಇದ್ದಾರೆ,
ಕತ್ತಲಾಗಲಿ, ಆಮೇಲೆ ಹೇಳ್ತೇನೆ," ಅಂದರು.
ಹಿಂದೆ ಚೆಂಡು ಒದೆಯುವ ಸದ್ದು.
ಗಾಳಿ ಕಡಿಮೆಯಾದ ಚೆಂಡಿನ ಸದ್ದು ಬೇರೆ;
ಅದು ನನಗೆ ಗೊತ್ತಾಗುತ್ತದೆ.

ದೊಡ್ಡ ಕಾಲೇಜು ಸೆಮಿಫೈನಲ್ ಗೆದ್ದಿತು ಕೂಡ.
ಹೇಳಲೇಬೇಕು ಅದನ್ನು. ಚೆನ್ನಾಗಿಯೇ ಆಡಿದರು.
ಅದರಿಂದ ಯಾವುದೂ ಬಗೆಹರಿಯಲಿಲ್ಲ.

ಹನ್ನೊಂದು ವರ್ಷ ಕಳೆದು, ನಿವೃತ್ತಿಯೂ ಆಗಿ,
ಈ ಮಾರ್ಚಿನಲ್ಲಿ ಹದಿನಾಲ್ಕು ಮೂಟೆ ರೋಬಸ್ಟಾ ಚೆರಿ
ಸಿದ್ದಾಪುರದ ಡಿಪೋಗೆ ಹೇರಿಕೊಂಡು ಹೋದೆ.
ತಕ್ಕಡಿಯ ಪಕ್ಕ ಮುತ್ತುವೇಲು,
ಲೈನುಮನೆಯ ಹುಡುಗ, ಆ ತಂಡದ ಗೋಲಿ,
ಆರು ಆಟದಲ್ಲಿ ಒಂದೇ ಗೋಲು ಬಿಟ್ಟವನು.
ಗುರುತು ಹಿಡಿದ. "ಕೂತ್ಕೊಳ್ಳಿ ಸಾರ್" ಅಂತ ಕುರ್ಚಿ ಒರೆಸಿದ.
ನಾಲ್ಕು ಕಾಲೂ ನೆಲ ಮುಟ್ಟುವ ಕುರ್ಚಿ.

"ಎಲ್ಲ ಒಂದೇ ತೋಟದ್ದಪ್ಪಾ, ಮೇಲಿನದೊಂದು ನೋಡು, ಸಾಕು."
"ಇಲ್ಲ ಸಾರ್."
ಕೊಳವೆ ಚುಚ್ಚಿದ, ಹದಿನಾಲ್ಕಕ್ಕೂ.
ತಳದ ಒಂದು ಮೂಟೆಗಾಗಿ ಮೇಲಿನ ಐದನ್ನು ಇಳಿಸಿದ.
ಹಿಡಿ ಹಿಡಿ ಬೆರೆಸಿ, ಸಿಪ್ಪೆ ಬಿಡಿಸಿ, ಊದಿ, ತೂಗಿ
ಔಟ್‌ಟರ್ನ್ ಬರೆದ: ಇಪ್ಪತ್ತಾರೂವರೆ.
ನಾನೆಣಿಸಿದ್ದಕ್ಕಿಂತ ಅರ್ಧ ಹೆಚ್ಚು.

ಈಗ ಕೇಳುತ್ತಾನೆ ಅಂದುಕೊಂಡೆ.
ಉತ್ತರ ಹನ್ನೊಂದು ವರ್ಷದಿಂದ ಒಣಗಿಸಿಟ್ಟದ್ದು:
ನಿಯಮ, ಒಮ್ಮತ, ಆನೆ.
ಅವನು ಚೀಟಿ ಹರಿಯುತ್ತಾ ಅಂದ:
"ಆ ಪಾಲಿಟೆಕ್ನಿಕ್ ಮ್ಯಾಚಲ್ಲಿ ಇಬ್ಬನಿ ಸಾರ್, ಚೆಂಡು ಜಾರ್ತು.
ಅದೊಂದನ್ನೂ ಹಿಡಿದಿದ್ರೆ
ನಮ್ಮನ್ನ ಕರೀತಿದ್ರೋ ಏನೋ."

ಬಿಟ್ಟ ಗೋಲುಗಳ ಲೆಕ್ಕ ಎರಡನೆಯ ಹಾಳೆಯಲ್ಲಿತ್ತು.
ಎರಡನೆಯ ಹಾಳೆ ನಾವು ತಿರುಗಿಸಿರಲೇ ಇಲ್ಲ.
ಅಷ್ಟನ್ನಾದರೂ ಹೇಳಬೇಕಿತ್ತು.
ಹಿಂದೆ ನಿಂತ ಜೀಪಿನವನು
ಹಾರನ್ ಹೊಡೆಯತೊಡಗಿದ.